ಒಲೆ ಒಣಗುವ ಹೊತ್ತಿನಲ್ಲಿ ಬರೆದವಳು

ಬೇಕರಿಗೆ ಹೊಸ ಒಲೆ ಕೂರಿಸಿದ ಮೇಲೆ ಅದನ್ನು ಒಂದೇ ಸಲಕ್ಕೆ ಪೂರಾ ಕಾಯಿಸುವಂತಿಲ್ಲ. ಒಳಗಿನ ಕಲ್ಲುಗಳಲ್ಲಿ ತೇವ ಇರುತ್ತದೆ, ಅವಸರ ಮಾಡಿದರೆ ಬಿರಿಯುತ್ತವೆ. ಸಣ್ಣ ಉರಿ ಇಟ್ಟು, ಗಂಟೆಗೊಮ್ಮೆ ಸ್ವಲ್ಪ ಏರಿಸುತ್ತ, ಇಡೀ ದಿನ ಕಾವಲು ಕೂರಬೇಕು. ದೊನ್ಕಾ ತನ್ನ ಕತೆಗಳನ್ನೆಲ್ಲ ಬರೆದದ್ದು ಆ ಕಾವಲಿನ ಹೊತ್ತಿನಲ್ಲಿ.

ನಾನು ಕಾಮೆನ್, ಒಲೆ ಜೋಡಿಸುವವನು. ರೂಸೆ ಊರಿನ ಅಂಚಿನಲ್ಲಿ ನಮ್ಮ ಕಾರ್ಖಾನೆ. ಒಲೆಯ ಭಾಗಗಳನ್ನು ವ್ಯಾನಿಗೆ ಹೇರಿಕೊಂಡು ಹೋಗಿ ಜೋಡಿಸುವುದು ನನ್ನ ಕೆಲಸ. ಅದನ್ನು ಹಚ್ಚಿ, ಒಣಗಿಸಿ, ಮೊದಲ ಬ್ರೆಡ್ ಬೇಯಿಸಿ ತೋರಿಸಿ, ಅಲ್ಲಿಯ ಕೆಲಸಗಾರರ ಕೈಗೆ ಒಪ್ಪಿಸುವುದು ದೊನ್ಕಾಳ ಕೆಲಸ. ಡ್ಯಾನ್ಯೂಬ್ ನದಿ ದಾಟಿದರೆ ರೊಮೇನಿಯಾ, ಈ ಕಡೆ ಸರ್ಬಿಯಾ, ಮ್ಯಾಸಿಡೋನಿಯಾ, ಒಮ್ಮೊಮ್ಮೆ ಗ್ರೀಸಿನ ಕವಾಲಾದವರೆಗೂ ಹೋಗುತ್ತಿದ್ದೆವು. ತಿಂಗಳಲ್ಲಿ ಮೂರು ವಾರ ದಾರಿಯಲ್ಲೇ ಕಳೆಯುತ್ತಿತ್ತು. ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದ್ದರಿಂದ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಅವಳ ಗಂಡ ಲ್ಯುಬೆನ್ ಊರಿನಲ್ಲಿ ವಿದ್ಯುತ್ ತಂತಿಯಿಂದ ಓಡುವ ಟ್ರಾಲಿಬಸ್ಸಿನ ಚಾಲಕ. "ನಮ್ಮನೆಯಲ್ಲಿ ಇಬ್ರೂ ಸುತ್ತೋರೇ. ಅವಳು ದೇಶ ಸುತ್ತುತಾಳೆ, ನಾನು ಮಾರ್ಕೆಟ್ ಸುತ್ತುತೀನಿ," ಎಂದು ಪರಿಚಯ ಮಾಡಿಕೊಳ್ಳುತ್ತಿದ್ದ. ಅವನ ತಾಯಿ ಕೇರಾ ಅಜ್ಜಿ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಇದ್ದಳು. ಮೇಲಿನ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರು ಎಂಬುದು ನೆಲದ ಸದ್ದಿನಿಂದಲೇ ಅವಳಿಗೆ ತಿಳಿಯುತ್ತಿತ್ತು.

ದೊನ್ಕಾ ಬೇಕರಿಯ ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದಳು. ಅದೇನು ಬರೆಯುತ್ತಾಳೆಂದು ಮೊದಮೊದಲು ನಾನು ಕೇಳಲಿಲ್ಲ. ಕಂಪನಿಗೆ ವರದಿ ಇರಬೇಕು ಅಂದುಕೊಂಡಿದ್ದೆ. ಕತೆ ಎಂದು ಗೊತ್ತಾದ ಮೇಲೆ ಒಂದು ದಿನ ವ್ಯಾನಿನಲ್ಲಿ ಕೇಳಿದೆ:

"ಅಕ್ಕಾ, ಇದನ್ನ ಮನೆಯಲ್ಲೇ ನೆಮ್ಮದಿಯಾಗಿ ಕೂತು ಬರೀಬಹುದಲ್ವಾ?"

"ಮನೇಲಿ ನಾನು ಕೂತಿದ್ದು ಕಂಡ್ರೆ ಸಾಕು, ಎಲ್ರಿಗೂ ಏನಾದ್ರೂ ಒಂದು ನೆನಪಾಗುತ್ತೆ. ಇಲ್ಲಿ ನನ್ನನ್ನ ಕರೆಯೋದು ಒಲೆ ಒಂದೇ. ಅದೂ ಗಂಟೆಗೊಂದು ಸಲ."

ಒಂದು ಚಳಿಗಾಲ ಮ್ಯಾಸಿಡೋನಿಯಾದ ಬಿತೊಲಾದಲ್ಲಿ ಅವಳ ಕೈ ಸುಟ್ಟಿತು. ಅವಳು ಹೇಳುವ ಮೊದಲೇ ಅಲ್ಲಿಯ ಕೆಲಸಗಾರನೊಬ್ಬ ಒಲೆಯ ಬಾಗಿಲು ತೆರೆದುಬಿಟ್ಟ. ಹಬೆ ನುಗ್ಗಿ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಎದ್ದುಬಂತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಟ್ಟಿ ಕಟ್ಟಿಸಿದೆ. ವಸತಿಗೃಹಕ್ಕೆ ಬಂದಾಗ ಸಂಜೆ. ಲ್ಯುಬೆನ್ ದಿನವೂ ಫೋನ್ ಮಾಡುವ ಹೊತ್ತು ಅದು. ಪಡಸಾಲೆಯಲ್ಲಿ ನಿಂತು, ಸುಟ್ಟ ಕೈಯನ್ನು ಎತ್ತಿ ಹಿಡಿದುಕೊಂಡೇ ಮಾತಾಡಿದಳು.

"ಆಯ್ತು, ಊಟ ಆಯ್ತು. ಹುರುಳಿಕಾಯಿ ಸಾರು. ಕೆಲಸ ಎಲ್ಲ ಎಂದಿನ ಹಾಗೇ. ಅಮ್ಮನ ಮಂಡಿನೋವು ಹೇಗಿದೆ?"

ಅವಳು ಅಂದು ನೋವಿನ ಮಾತ್ರೆ ಬಿಟ್ಟರೆ ಏನನ್ನೂ ತಿಂದಿರಲಿಲ್ಲ.

"ಯಾಕಕ್ಕಾ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಈಗ್ಲೇ ಹೊರಟು ಬಾ ಅಂತಾನೆ. ನಾಳೆ ಒಲೆ ಮುಂದೆ ಕೂರೋರು ಯಾರು?"

ಮಾರನೆಯ ದಿನ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಲಗೈಯಲ್ಲಿ ಸಂಜೆಯವರೆಗೂ ಬರೆದಳು. ಅಷ್ಟು ಬೇಗ ಬೇಗ ಬರೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಊರಿಗೆ ಬಂದ ಮೇಲೆ, ಬಿಸಿ ಟ್ರೇ ಸ್ವಲ್ಪ ತಗುಲಿತು ಎಂದು ಮನೆಯಲ್ಲಿ ಹೇಳಿದಳಂತೆ.

ಆ ವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ನಮ್ಮೂರಿನ ಪತ್ರಿಕೆಯೊಂದರಲ್ಲಿ ಅವಳ ಕತೆ ಅಚ್ಚಾಯಿತು. ಕತೆಯ ಹೆಂಗಸು ಊರೂರಿಗೆ ಹೋಗಿ ಲಿಫ್ಟ್ ರಿಪೇರಿ ಮಾಡುವವಳು. ಅವಳ ಕೈ ಸುಡುತ್ತದೆ. ಗಂಡನ ಫೋನ್ ಬರುತ್ತದೆ. ಅದೇ ಹುರುಳಿಕಾಯಿ ಸಾರು, ಅದೇ ಅತ್ತೆಯ ಮಂಡಿ. ಫೋನ್ ಇಟ್ಟ ಮೇಲೆ, ಗಾಬರಿ ಬೀಳುವವರು ಹತ್ತಿರ ಯಾರೂ ಇಲ್ಲವಲ್ಲ ಎಂದು ಆ ಹೆಂಗಸಿನ ಮನಸ್ಸು ಹಗುರಾಗುತ್ತದೆ. ಟ್ರಾಲಿಬಸ್ ಡಿಪೋದಲ್ಲಿ ಟಿಕೆಟ್ ತಪಾಸಣೆಯ ಹೆಂಗಸೊಬ್ಬಳು ಅದನ್ನು ಓದಿ, "ನಿನ್ನ ಹೆಂಡತಿ ಚೆನ್ನಾಗಿ ಬರೀತಾಳಪ್ಪ, ಪಾಪ, ಕೈ ಈಗ ಹೇಗಿದೆ?" ಎಂದು ಲ್ಯುಬೆನ್‌ನನ್ನು ಕೇಳಿದಳು.

ಅವನು ಕೆಲಸದ ಅಂಗಿಯಲ್ಲೇ ನನ್ನ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಕಾಮೆನ್, ಬಿತೊಲಾದಲ್ಲಿ ಏನಾಯ್ತು?"

"ಅಣ್ಣಾ, ಅದನ್ನ ಅಕ್ಕನ್ನೇ ಕೇಳಬೇಕು."

"ಅವಳನ್ನ ಕೇಳಿದ್ರೆ ಹುರುಳಿಕಾಯಿ ಸಾರು ಅಂತಾಳೆ. ಆಸ್ಪತ್ರೆಗೆ ಹೋಗಿದ್ರಾ ಇಲ್ವಾ, ಅಷ್ಟು ಹೇಳು."

ಹೋಗಿದ್ದೆವು ಎಂದೆ. ತಲೆಯಾಡಿಸಿದ. "ನಡಿ ಮನೆಗೆ. ಒಬ್ಬನೇ ಹೋದ್ರೆ ಜೋರು ಮಾಡಿಬಿಡ್ತೀನಿ. ನೀನಿದ್ರೆ ನಾಚಿಕೆಗಾದ್ರೂ ಮೆತ್ತಗಿರ್ತೀನಿ."

ದೊನ್ಕಾ ಬಾಲ್ಕನಿಯಲ್ಲಿ ಚಳಿಗಾಲಕ್ಕೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಳು. ನಮ್ಮಿಬ್ಬರ ಮುಂದೆ ಒಂದೊಂದು ಬೋಗುಣಿ ತಳ್ಳಿದಳು. ಮೂವರೂ ಸಿಪ್ಪೆ ಸುಲಿಯತೊಡಗಿದೆವು.

"ಊರಿಗೆಲ್ಲ ಹೇಳಿದ್ದೀಯ," ಎಂದ ಲ್ಯುಬೆನ್. "ನನಗೊಬ್ಬನಿಗೆ ಹೇಳ್ಲಿಲ್ಲ."

ಅವಳು ಯಾವುದು ಎಂದು ಕೇಳಲಿಲ್ಲ. "ಬರೆಯುವಾಗ ಯಾರೂ ಮಧ್ಯೆ ಬಾಯಿ ಹಾಕಲ್ಲ, ಲ್ಯುಬೆನ್."

"ಅಂದ್ರೆ ನಾನು ಬಾಯಿ ಹಾಕೋನು."

"ನೀನು ಬಾಯಿ ಹಾಕಲ್ಲ. ಕಾರು ಹತ್ತಿ ಹೊರಟೇ ಬರ್ತೀಯ."

"ಹೆಂಡತಿ ಕೈ ಸುಟ್ಕೊಂಡ್ರೆ ಬರಬಾರದಾ?"

ದೊನ್ಕಾ ಎದ್ದು ಸುಡುತ್ತಿದ್ದ ಮೆಣಸಿನಕಾಯಿಗಳನ್ನು ಮಗುಚಿದಳು. ಅವನು ಕೈ ಒರೆಸಿಕೊಂಡು ಒಳಗೆ ಹೋದ. ಟಿವಿಯ ಸದ್ದು ಕೇಳಿಸಿತು.

ಅದಾದ ಮೇಲೆ ಜಗಳವೇನೂ ನಡೆಯಲಿಲ್ಲ. ಸಂಜೆಯ ಫೋನ್ ಮಾತ್ರ ಬದಲಾಯಿತು. ಊಟ ಆಯಿತೇ ಎಂದು ಲ್ಯುಬೆನ್ ಕೇಳುವುದನ್ನು ಬಿಟ್ಟ. ಮನೆಯ ಗ್ಯಾಸ್, ನಲ್ಲಿ, ತಾಯಿಯ ಔಷಧಿ, ಇಷ್ಟು ಹೇಳಿ ಇಟ್ಟುಬಿಡುತ್ತಿದ್ದ. ದೊನ್ಕಾ ಅದನ್ನು ಒಂದು ಚಳಿಗಾಲ ತಡೆದುಕೊಂಡಳು. ವಸಂತ ಬಂದಾಗ ಕಂಪನಿಯ ಆಫೀಸಿಗೆ ಹೋಗಿ, ಪ್ರಯಾಣ ಸಾಕು, ಇಲ್ಲೇ ಏನಾದರೂ ಕೊಡಿ ಎಂದು ಕೇಳಿದಳು. ಗಿರಾಕಿಗಳ ಕೆಲಸಗಾರರಿಗೆ ತರಬೇತಿ ಕೊಡುವ ಅಡುಗೆಮನೆ ಕಾರ್ಖಾನೆಯಲ್ಲೇ ಇತ್ತು. ಅಲ್ಲಿಗೆ ಹಾಕಿದರು. ನನ್ನ ಜೊತೆ ಸುತ್ತಲು ಬೇರೊಬ್ಬ ಬಂದ.

ಸಂಜೆ ಐದಕ್ಕೆ ಮನೆಗೆ ಬರುವ ಹೆಂಡತಿ ಲ್ಯುಬೆನ್‌ಗೆ ಹೊಸಬಳು. ಗುರುವಾರಗಳಂದು ಡಿಪೋದ ಗೆಳೆಯರು ಅವನ ಅಡುಗೆಮನೆಯಲ್ಲಿ ಇಸ್ಪೀಟು ಆಡುವುದು ಬಹಳ ವರ್ಷಗಳಿಂದ ನಡೆದುಬಂದಿತ್ತು. ಅವಳು ಬೇಡ ಎನ್ನಲಿಲ್ಲ, ತಿನ್ನಲು ಏನಾದರೂ ಮಾಡಿಯೂ ಕೊಡುತ್ತಿದ್ದಳು. ಆದರೂ ಅವರು ಮೆಲುದನಿಯಲ್ಲಿ ಮಾತಾಡತೊಡಗಿದರು, ಆಮೇಲೆ ಬೇರೆ ಮನೆ ಹುಡುಕಿಕೊಂಡರು. ಯಾವ ಪಾತ್ರೆ ಎಲ್ಲಿದೆ ಎಂದು ದೊನ್ಕಾ ಗಂಡನನ್ನು ಕೇಳಬೇಕಾಗಿತ್ತು.

ಕೇರಾ ಅಜ್ಜಿಗೂ ಸಮಾಧಾನವಿರಲಿಲ್ಲ. ನಾನು ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ಹಿಡಿದು ನಿಲ್ಲಿಸಿದಳು.

"ಸೊಸೆ ಮನೇಲಿಲ್ಲ ಅಂತ ಇಷ್ಟು ವರ್ಷ ಈ ಕಟ್ಟಡದೋರೆಲ್ಲ ನನ್ನನ್ನ ಅಯ್ಯೋ ಪಾಪ ಅಂತಿದ್ರು. ಈಗ ಆ ಸುಖಾನೂ ಹೋಯ್ತು."

"ಸೊಸೆ ಬಂದಿದ್ದಾಳಲ್ಲ ಅಜ್ಜಿ, ಒಳ್ಳೇದೇ ಆಯ್ತಲ್ಲ."

"ಬಂದಿದ್ದಾಳೆ. ಬಂದು ಕಪಾಟಿಗೆಲ್ಲ ಬಣ್ಣ ಬಳೀತಿದ್ದಾಳೆ. ಕಪಾಟು ಅವಳಿಗೇನು ಮಾಡಿತ್ತು?"

ನಿಜ. ಅವಳ ರಜೆಯ ದಿನಗಳಲ್ಲಿ ಲ್ಯುಬೆನ್ ಬೆಳಗಿನ ಪಾಳಿಗೆ ಹೋದರೆ ಮನೆ ಖಾಲಿ ಇರುತ್ತಿತ್ತು. ಮೇಜಿತ್ತು, ಹೊತ್ತಿತ್ತು. ದೊನ್ಕಾ ಕೂರುತ್ತಿದ್ದಳು, ಒಂದು ಸಾಲೂ ಬರುತ್ತಿರಲಿಲ್ಲ. ಎದ್ದು ಕಪಾಟಿಗೆ ಬಣ್ಣ ಬಳಿಯುತ್ತಿದ್ದಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನಗೆ ಹೇಳಿದಳು: "ಬರೆಯೋಕೆ ಕೂತ್ರೆ ಕದಿಯೋಕೆ ಬಂದೋಳ ಹಾಗೆ ಬಾಗಿಲ ಕಡೆ ನೋಡ್ತೀನಿ ಕಣೋ. ಬರೆದಿದ್ದನ್ನ ಅವನು ಓದ್ತಾನೆ, ಓದಿ ಸುಮ್ಮನಿರ್ತಾನೆ ಅಂತ ಮೊದಲೇ ಅನ್ನಿಸಿಬಿಡುತ್ತೆ."

ಹೀಗೆ ಒಂದೂವರೆ ವರ್ಷ ಕಳೆಯಿತು. ಆಮೇಲೆ ರೊಮೇನಿಯಾದ ಕ್ರಾಯೋವಾದಲ್ಲಿ, ಬೇಕರಿಯೊಂದರಲ್ಲಿ ದೊನ್ಕಾಳ ಬದಲಿಗೆ ಬಂದವನು ಬೇಗ ಊರಿಗೆ ಮರಳುವ ಆಸೆಯಿಂದ ಒಲೆಯನ್ನು ಸರಸರ ಕಾಯಿಸಿದ. ಕಲ್ಲುಗಳು ಬಿರಿದವು. ಬೇಕರಿಯವರು ಅವನನ್ನು ಒಳಗೆ ಬಿಡಲು ಒಪ್ಪಲಿಲ್ಲ, ಹಿಂದಿನ ಹೆಂಗಸನ್ನೇ ಕಳಿಸಿ ಎಂದರು. ಒಂದು ಸಲಕ್ಕೆ ಹೋಗಿ ಬರುತ್ತೇನೆ ಎಂದು ದೊನ್ಕಾ ಮನೆಯಲ್ಲಿ ಹೇಳಿದಳು.

"ನನಗೂ ರಜೆ ಬಾಕಿ ಇದೆ," ಎಂದನಂತೆ ಲ್ಯುಬೆನ್. "ನಾನೂ ಬರ್ತೀನಿ."

ವ್ಯಾನಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಗಡಿಯ ಸೇತುವೆಯ ಮೇಲೆ ಸಾಲಿನಲ್ಲಿ ನಿಂತಾಗ ಲ್ಯುಬೆನ್ ನನ್ನ ಗೇರು ಹಾಕುವ ರೀತಿಯನ್ನು ಟೀಕಿಸಿದ. ಕ್ರಾಯೋವಾದಲ್ಲಿ ನಾನು ಬಿರಿದ ಕಲ್ಲುಗಳನ್ನು ತೆಗೆದು ಹೊಸವನ್ನು ಕೂರಿಸಿದೆ. ಮರುದಿನ ಬೆಳಿಗ್ಗೆ ದೊನ್ಕಾ ಸಣ್ಣ ಉರಿ ಹಚ್ಚಿ ಕ್ರೇಟಿನ ಮೇಲೆ ಕೂತಳು. ಲ್ಯುಬೆನ್ ಇನ್ನೊಂದು ಕ್ರೇಟ್ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಈಗ ಏನು ಮಾಡ್ಬೇಕು?"

"ಏನೂ ಇಲ್ಲ. ಕಾಯಬೇಕು."

"ಎಷ್ಟು ಹೊತ್ತು?"

"ಸಂಜೆವರೆಗೂ."

ಅವನು ಎದ್ದು ಒಲೆಯನ್ನು ಸುತ್ತಿ ಬಂದ. ಈ ಮುಳ್ಳು ಏನು ತೋರಿಸುತ್ತದೆ, ಆ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಅವಳು ಎಲ್ಲಕ್ಕೂ ಉತ್ತರ ಹೇಳಿದಳು. ಹಲಗೆ ಅವಳ ತೊಡೆಯ ಮೇಲೇ ಇತ್ತು, ಕಾಗದ ಬಿಳಿಯಾಗಿಯೇ ಇತ್ತು. ಲ್ಯುಬೆನ್ ಒಮ್ಮೆ ಕಾಗದವನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಕೋಟು ಹಾಕಿಕೊಂಡ.

"ಇಲ್ಲಿ ಟ್ರಾಮ್ ಓಡುತ್ತಂತೆ. ನೋಡ್ಕೊಂಡು ಬರ್ತೀನಿ."

ಇಡೀ ದಿನ ಅವನು ಟ್ರಾಮಿನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡಿದ. ರೊಮೇನಿಯನ್ ಭಾಷೆಯ ಒಂದು ಅಕ್ಷರವೂ ಬಾರದಿದ್ದರೂ, ಕೊನೆಯ ನಿಲ್ದಾಣದಲ್ಲಿ ಚಾಲಕನಿಗೆ ಸಿಗರೇಟು ಕೊಟ್ಟು, ಬ್ರೇಕಿನ ವಿಷಯ ಕೈಸನ್ನೆಯಲ್ಲೇ ಮಾತಾಡಿದನಂತೆ. ಸಂಜೆ ಬಂದಾಗ ಅವನ ಮುಖ ಗೆಲುವಾಗಿತ್ತು. ದೊನ್ಕಾ ನಾಲ್ಕು ಪುಟ ಬರೆದಿದ್ದಳು.

ವಸತಿಗೃಹದ ಊಟದ ಮನೆಯಲ್ಲಿ ಮಾಂಸದ ಸಾರು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಬಂತು. ಲ್ಯುಬೆನ್ ಚಮಚ ಕೈಗೆತ್ತಿಕೊಂಡು, "ಓದು," ಎಂದ.

ದೊನ್ಕಾ ನನ್ನ ಕಡೆ ನೋಡಿದಳು. ನಾನು ಸಾರಿನ ಕಡೆ ನೋಡಿದೆ. ಅವಳು ಓದಿದಳು. ಹೆಂಡತಿ ಮನೆಯಲ್ಲೇ ಇರಲು ಬಂದ ಮೇಲೆ ಗಂಡನಿಗೆ ತನ್ನ ಕುರ್ಚಿ ಯಾವುದೆಂದು ಮರೆತುಹೋಗುವ ಕತೆ. ಅವನು ತಿನ್ನುತ್ತಲೇ ಕೇಳಿದ. ಮುಗಿದ ಮೇಲೆ ಬಾಯಿ ಒರೆಸಿಕೊಂಡ.

"ಈ ಗಂಡಸು ಇಷ್ಟು ಪೆದ್ದನಾ?"

"ಅದು ನೀನಲ್ಲ."

"ನಾನಲ್ಲ ಅಂತ ಗೊತ್ತು. ಪೆದ್ದನಾ ಅಂತ ಕೇಳ್ದೆ."

"ಸ್ವಲ್ಪ."

"ಸರಿ ಹಾಗಾದ್ರೆ." ಮುದ್ದೆಯನ್ನು ಇನ್ನಷ್ಟು ಹಾಕಿಕೊಂಡ. "ಪತ್ರಿಕೆಗೆ ಕಳಿಸೋ ಮುಂಚೆ ಹೀಗೇ ಓದಿ ಹೇಳು. ಹೀಗೆ ಬರಿ, ಹಾಗೆ ಬರಿ ಅನ್ನಲ್ಲ. ಡಿಪೋದಲ್ಲಿ ಇನ್ನೊಬ್ಬರ ಬಾಯಿಂದ ಕೇಳೋದು ಬೇಡ, ಅಷ್ಟೇ. ಮತ್ತೆ, ಸುಟ್ರೆ ಸುಟ್ಟಿದೆ ಅಂತ ಹೇಳು."

"ಹೇಳಿದ್ರೆ ಬಾ ಅಂತೀಯ."

"ಅಂತೀನಿ. ನೀನು ಬರಲ್ಲ ಅನ್ನು. ಜಗಳ ಆಡೋಣ. ಸಾರಿನ ಕತೆ ಕೇಳೋದಕ್ಕಿಂತ ಅದು ವಾಸಿ."

ಊರಿಗೆ ಬಂದ ಮೇಲೆ ದೊನ್ಕಾ ಕಂಪನಿಯವರ ಜೊತೆ ಮಾತಾಡಿದಳು. ತಿಂಗಳಲ್ಲಿ ಒಂದೇ ಪ್ರಯಾಣ, ಉಳಿದ ದಿನ ತರಬೇತಿಯ ಅಡುಗೆಮನೆ ಎಂದು ಗೊತ್ತುಮಾಡಿಕೊಂಡಳು. ಸಂಜೆಯ ಫೋನುಗಳು ಉದ್ದವಾದವು. ಪ್ರಿಲೆಪ್‌ನಲ್ಲಿ ಅವಳಿಗೆ ಜ್ವರ ಬಂದಾಗ ಇಬ್ಬರೂ ಫೋನಿನಲ್ಲಿ ಜಗಳ ಆಡಿದ್ದು ಪಕ್ಕದ ಕೋಣೆಯವರಿಗೂ ಕೇಳಿಸಿತು. ಅವಳು ಊರಿಗೆ ಹೊರಡಲಿಲ್ಲ. ಅವನು ಮೂರು ಸಲ ಮತ್ತೆ ಫೋನ್ ಮಾಡಿದ. ಗುರುವಾರದ ಇಸ್ಪೀಟಿನವರು ಅವಳು ಊರಲ್ಲಿಲ್ಲದ ವಾರ ಮರಳಿ ಬರತೊಡಗಿದರು.

ಎಲ್ಲವೂ ಸರಿಹೋಯಿತು ಎಂದೇನಲ್ಲ. ಮನೆಯಲ್ಲಿ ಬರೆಯುವುದು ಅವಳಿಗೆ ಕೊನೆಗೂ ಒಗ್ಗಲಿಲ್ಲ. ಪ್ರಯಾಣ ಕಡಿಮೆಯಾದ್ದರಿಂದ ಬರವಣಿಗೆಯೂ ಕಡಿಮೆಯಾಯಿತು. ತಿಂಗಳಿಗೆ ಒಂದು ಒಲೆ, ಕೆಲವು ಪುಟ. ಕತೆಗಳು ಪುಸ್ತಕವಾಗಲು ವರ್ಷಗಳೇ ಬೇಕಾದವು.

ಪುಸ್ತಕ ಬಂದಾಗ ಊರಿನ ಗ್ರಂಥಾಲಯದಲ್ಲಿ ಒಂದು ಸಂಜೆ ಓದು ಇಟ್ಟರು. ಕುರ್ಚಿಗಳು ಅರ್ಧ ತುಂಬಿದ್ದವು. ಕೇರಾ ಅಜ್ಜಿ ಮೊದಲ ಸಾಲಿನಲ್ಲಿ ಕೂತು, ಸೊಸೆ ಓದುತ್ತಿದ್ದಾಗ, ಅತ್ತೆಯ ಮಾತು ಬಂದ ಕಡೆಯಲ್ಲೆಲ್ಲ ಹಿಂದೆ ತಿರುಗಿ ಜನರ ಮುಖ ನೋಡುತ್ತಿದ್ದಳು. ದೊನ್ಕಾಳ ಮಗಳು ನೆವೆನಾ, ಬಹಳ ಹಿಂದೆಯೇ ಮನೆ ಬಿಟ್ಟು ಹೋಗಿ ನೆಲೆಸಿದ್ದ ವಾರ್ನಾದಿಂದ ಬಂದಿದ್ದಳು. ಅಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು. ಶಾಲೆಯ ದಿನಗಳಲ್ಲಿ ಅವಳಿಗೆ ಜಡೆ ಹಾಕಿ ಕಳಿಸಿದ್ದು ಅಪ್ಪ, ಅದೂ ಸೊಟ್ಟಸೊಟ್ಟಗೆ. ಅದಕ್ಕೇ ತಾನು ಈ ಕೆಲಸ ಕಲಿತದ್ದು ಎಂದು ನಗುತ್ತ ಹೇಳುತ್ತಿದ್ದಳು.

ಓದು ಮುಗಿದ ಮೇಲೆ ಎಲ್ಲರೂ ನಿಂತು ಚೀಸ್ ತುಂಬಿದ ಬಾನಿತ್ಸಾ ತಿನ್ನುತ್ತಿದ್ದಾಗ ನೆವೆನಾ ಪುಸ್ತಕದ ಹಾಳೆಗಳನ್ನು ತಿರುವಿ ಹಾಕುತ್ತಿದ್ದಳು.

"ಅಮ್ಮಾ, ಇದರಲ್ಲಿ ಅಪ್ಪ ಇದ್ದಾನೆ, ಅಜ್ಜಿ ಇದ್ದಾಳೆ, ಕಾಮೆನ್ ಮಾಮನ ವ್ಯಾನೂ ಇದೆ. ನಾನು ಎಲ್ಲೂ ಇಲ್ಲ."

"ನಿನ್ನ ಜೊತೆ ಇದ್ದಾಗ ನಾನು ಬರೀತಿರ್ಲಿಲ್ಲ," ಎಂದಳು ದೊನ್ಕಾ.

"ಜೊತೆ ಇಲ್ದಾಗ ಬರೀತಿದ್ಯಲ್ಲ. ಆಗ್ಲೂ ಇಲ್ಲ."

ಇಬ್ಬರ ದನಿಯಲ್ಲೂ ಸಿಟ್ಟಿರಲಿಲ್ಲ. ಲ್ಯುಬೆನ್ ಮಗಳ ತಟ್ಟೆಗೆ ಇನ್ನೊಂದು ತುಂಡು ಹಾಕಿದ. ನೆವೆನಾ ಆ ಸಂಜೆಯೇ ವಾರ್ನಾದ ಬಸ್ಸು ಹತ್ತಿದಳು.

ಮುಂದಿನ ವಾರ ನಾವು ಸರ್ಬಿಯಾದ ಲೆಸ್ಕೊವಾತ್ಸ್‌ಗೆ ಹೋದೆವು. ಕೆಲಸ ಸರಿಯಾಗಿಯೇ ಆಯಿತು. ಆದರೆ ಒಲೆ ಒಣಗುವ ದಿನ ದೊನ್ಕಾ ಹಲಗೆಯನ್ನು ವ್ಯಾನಿನಿಂದ ಇಳಿಸಲಿಲ್ಲ. ಕೈಕಟ್ಟಿ ಕೂತಿದ್ದಳು. ವಾಪಸಾಗುವಾಗ, ರೂಸೆಯಲ್ಲಿ ಮನೆಯ ಕಡೆ ತಿರುಗುವಷ್ಟರಲ್ಲಿ, ಬಸ್ ನಿಲ್ದಾಣದಲ್ಲಿ ಇಳಿಸು ಎಂದಳು.

"ವಾರ್ನಾಗೆ ಹೋಗ್ತೀನಿ. ಲ್ಯುಬೆನ್‌ಗೆ ಹೇಳಿದ್ದೀನಿ."

"ನೆವೆನಾಗೆ?"

"ಅವಳಿಗೆ ಹೇಳಿದ್ರೆ ಬೇಡಮ್ಮ, ಕೆಲಸ ಇದೆ ಅಂತಾಳೆ. ನನ್ನ ಮಗಳಲ್ವಾ."

ಶನಿವಾರ ಮಗಳ ಅಂಗಡಿಯಲ್ಲಿ ಜನ ಹೆಚ್ಚು. ದೊನ್ಕಾ ಅಲ್ಲಿ ಸರದಿಯ ಹೆಂಗಸರ ನಡುವೆ ಕೂತಿದ್ದಳಂತೆ. ಎರಡು ದಿನ ಇದ್ದು ಬಂದಳು. ಏನು ಮಾತಾಡಿದರು ಎಂದು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಸೋಮವಾರ ಕಾರ್ಖಾನೆಗೆ ಬಂದಾಗ ಅವಳ ಕೂದಲು ಕಿವಿಯವರೆಗೆ ಗಿಡ್ಡವಾಗಿತ್ತು, ಕತ್ತರಿಸಿದ ಅಂಚು ಅಚ್ಚುಕಟ್ಟಾಗಿತ್ತು.