ನೋಡದ ಆಟಕ್ಕೆ ಕೊಟ್ಟ ಅಂಕ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತಾರೆ. ನಾನು ಯಾರಿಗೂ ಪಾಠ ಹೇಳಿದವನಲ್ಲ. ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿನಿಂದ ದಿನಾ ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಕಣ್ಣಾರೆ ಕಂಡದ್ದನ್ನು ಮಾತ್ರ ವರದಿಯಲ್ಲಿ ಬರೆಯಬೇಕು ಎಂದು ಹೊಸಬರಿಗೆ ಬುದ್ಧಿ ಹೇಳುವವನೂ ನಾನೇ. ಮೇಷ್ಟ್ರು ಎಂಬ ಪಟ್ಟ ಸಿಕ್ಕಿದ್ದು ಮಾತ್ರ ಕಾಲೇಜು ಫುಟ್‌ಬಾಲಿನಿಂದ.

ಇಲ್ಲಿಯ ಫುಟ್‌ಬಾಲ್ ಎಂದರೆ ಹೆಲ್ಮೆಟ್ ತೊಟ್ಟು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಒಬ್ಬರ ಮೇಲೊಬ್ಬರು ಬೀಳುವ ಆಟ. ತಮ್ಮ ತಮ್ಮಲ್ಲೇ ಆಡಲು ಒಪ್ಪಿಕೊಂಡ ಕಾಲೇಜುಗಳ ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮ ಗುಂಪಿನವರ ಮಕ್ಕಳು ಹೆಚ್ಚಾಗಿ ಒಂದೇ ಕಾನ್ಫರೆನ್ಸಿನ ಬೇರೆ ಬೇರೆ ಕಾಲೇಜುಗಳಲ್ಲಿದ್ದರು. ಮಂಡ್ಯ, ಹಾಸನ, ಮೈಸೂರಿನ ಕಡೆಯಿಂದ ಬಂದ ನಾವು, ಮಕ್ಕಳು ಫೋನ್ ಎತ್ತದ ವಾರಗಳಲ್ಲಿ ಅವರ ಕಾಲೇಜಿನ ಆಟವನ್ನಾದರೂ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಪೂರ್ವ ತೀರದ ಆಟಗಳು ನಮಗೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ಶುರುವಾಗುತ್ತವೆ. ಆಮೇಲೆ ಸಂಜೆಯವರೆಗೂ ಒಂದಾದ ಮೇಲೊಂದು. ಟಿವಿಯಲ್ಲಿ ಒಂದು ಆಟ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಇಟ್ಟುಕೊಂಡು ನಾನು ಸೋಫಾ ಬಿಟ್ಟು ಏಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಡೀ ಕಾನ್ಫರೆನ್ಸಿನ ಫಲಿತಾಂಶವನ್ನು ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಾಗೆ ಧ್ವನಿಮುದ್ರಿಸಿ ಗುಂಪಿಗೆ ಕಳಿಸುತ್ತಿದ್ದೆ. ಕಾಲೇಜುಗಳ ಹೆಸರು ಹೇಳದೆ ಹೆಲ್ಮೆಟ್ಟಿನ ಬಣ್ಣದಿಂದ ಕರೆಯುವುದು ನಮ್ಮ ರೂಢಿ. ‘ಕೇಸರಿ ಹೆಲ್ಮೆಟ್ಟಿನವರು ಗೆದ್ದಿದ್ದಾರೆ, ಫಸ್ಟ್ ಕ್ಲಾಸ್ ಕೊಡಲೇಬೇಕು, ಆದರೆ ಎದುರಿನವರು ಉತ್ತರ ಪತ್ರಿಕೆಯನ್ನೇ ಖಾಲಿ ಕೊಟ್ಟಿದ್ದರು ಅನ್ನುವುದನ್ನು ಮರೆಯಬಾರದು. ನೀಲಿಯವರು ಮೊದಲರ್ಧದಲ್ಲಿ ರ‍್ಯಾಂಕ್, ಎರಡನೆಯ ಅರ್ಧದಲ್ಲಿ ಗ್ರೇಸ್ ಮಾರ್ಕ್ಸ್.’ ಹೀಗೆ ಹತ್ತು ನಿಮಿಷ. ಅರ್ಧ ಗಂಟೆಯಲ್ಲಿ ನಗುವ ಮುಖಗಳ ಸುರಿಮಳೆ. ಜನರಿಗೆ ನನ್ನ ತಮಾಷೆ ಇಷ್ಟವಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣಿನ ಮೇಲೆ ನಂಬಿಕೆಯಿತ್ತು. ಟಿವಿಯವರು ಹೇಳದ ಸಣ್ಣಪುಟ್ಟ ಸಂಗತಿಗಳನ್ನು ನಾನು ಹಿಡಿಯುತ್ತಿದ್ದೆ. ಮೇಷ್ಟ್ರು ನೋಡದೆ ಒಂದು ಮಾತೂ ಆಡುವುದಿಲ್ಲ ಎಂದು ಒಬ್ಬರು ಬರೆದಾಗ ಅದನ್ನು ಹೆಂಡತಿಗೆ ಎರಡು ಸಲ ಓದಿ ತೋರಿಸಿದ್ದೆ.

ಗುಂಪಿನಲ್ಲಿ ಒಬ್ಬರ ಮಗ ಮಾತ್ರ ನಿಜವಾಗಿಯೂ ತಂಡದಲ್ಲಿದ್ದ. ಆ ಸ್ನೇಹಿತರು ಹಾಸನದವರು, ನನ್ನ ಆಫೀಸಿನವರೇ. ಮಾರ್ಗನ್ ಹಿಲ್‌ನಿಂದ ಬೆಳಗಿನ ರೈಲಿನಲ್ಲಿ ಮೌಂಟನ್ ವ್ಯೂಗೆ ಬಂದು, ಅಲ್ಲಿಂದ ನನ್ನ ಜೊತೆ ಕಂಪನಿಯ ಶಟಲ್ ಬಸ್ಸು ಹತ್ತುತ್ತಿದ್ದರು. ಮಗ ಪೂರ್ವದ ಒಂದು ಕಾಲೇಜಿನಲ್ಲಿ, ಹಸಿರು ಹೆಲ್ಮೆಟ್ಟಿನ ತಂಡದಲ್ಲಿ, ಎರಡನೆಯ ಕಿಕ್ಕರ್. ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು ಮೂರು ಪಾಯಿಂಟ್ ತರುವವನು ಕಿಕ್ಕರ್. ಮೊದಲನೆಯವನು ಗಟ್ಟಿಮುಟ್ಟಾಗಿದ್ದುದರಿಂದ ಇವನಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಮೈದಾನಕ್ಕೆ ಇಳಿಯುವ ಅವಕಾಶ ಬಂದಿರಲಿಲ್ಲ. ‘ಬೆಂಚು ಕಾಯ್ತಾ ಇದಾನೆ, ಕಾಯ್ಲಿ ಬಿಡಿ’ ಎಂದು ಅಪ್ಪ ನಗುತ್ತಿದ್ದರು. ಆದರೂ ವರ್ಷಕ್ಕೆ ಒಂದೆರಡು ಸಲ ಗಂಡ ಹೆಂಡತಿ ಅಷ್ಟು ದೂರ ವಿಮಾನದಲ್ಲಿ ಹೋಗಿ, ಬೆಂಚಿನ ಮೇಲೆ ಕೂತ ಮಗನನ್ನು ನೋಡಿಕೊಂಡು ಬರುತ್ತಿದ್ದರು.

ಆ ಶನಿವಾರ ಸ್ಯಾನ್ ಹೋಸೆಯಲ್ಲಿ ಹೆಂಡತಿಯ ಗೆಳತಿಯ ಗೃಹಪ್ರವೇಶ. ಹೋಮದ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಕೂತು, ಎರಡನೆಯ ಪಂಕ್ತಿಯಲ್ಲಿ ಊಟ ಮಾಡಿ, ಹೋಳಿಗೆ ಡಬ್ಬಿ ಹಿಡಿದು ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಒಂದು ಆಟವನ್ನೂ ನೋಡಿರಲಿಲ್ಲ. ಈ ವಾರ ಮಾರ್ಕ್ಸ್ ಇಲ್ಲ ಎಂದು ಒಂದು ಸಾಲು ಬರೆದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ‘ಮೇಷ್ಟ್ರೇ, ರಿಸಲ್ಟ್ ಯಾವಾಗ?’ ಎಂದು ಯಾರೋ ಕೇಳಿದರು. ನಾನು ಉಬ್ಬಿಹೋದೆ. ಹೆಂಡತಿ ಗ್ರೋಸರಿ ಅಂಗಡಿಯೊಳಗೆ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ, ಕಾರಿನಲ್ಲಿ ಕೂತು, ಫೋನಿನಲ್ಲಿ ಸ್ಕೋರುಗಳ ಪಟ್ಟಿ ತೆರೆದು ಮಾತಾಡಲು ಶುರು ಮಾಡಿದೆ.

ಹಸಿರು ಹೆಲ್ಮೆಟ್ಟಿನವರು ಎರಡು ಪಾಯಿಂಟಿನಿಂದ ಸೋತಿದ್ದರು. ಕೊನೆಯ ಗಳಿಗೆಯಲ್ಲಿ ಹತ್ತಿರದಿಂದಲೇ ಒದ್ದ ಚೆಂಡು ಕಂಬದ ಹೊರಗೆ ಹೋಯಿತು ಎಂದಷ್ಟೇ ಪಟ್ಟಿಯಲ್ಲಿತ್ತು. ಅಷ್ಟು ಸಾಲದೆ? ಉಳಿದದ್ದನ್ನು ನಾನೇ ಕಟ್ಟಿದೆ. ‘ಕಿಕ್ಕರ್ ಮಹಾಶಯರು ಒದೆಯುವ ಮುಂಚೆಯೇ ತಲೆ ಎತ್ತಿದರು. ಗ್ಯಾಲರಿಯಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ! ಚೆಂಡು ಎಲ್ಲಿ, ಇವರ ಕಣ್ಣು ಎಲ್ಲಿ! ಮೂವತ್ತೈದಕ್ಕೆ ಪಾಸು, ಇವರಿಗೆ ಮೂವತ್ನಾಲ್ಕು. ಅಪ್ಪ ಅಮ್ಮನ ಸಹಿ ಹಾಕಿಸಿಕೊಂಡು ಬರಬೇಕು.’ ನನ್ನ ಮಾತಿಗೆ ನಾನೇ ನಕ್ಕೆ, ಆ ನಗುವೂ ಅದರಲ್ಲಿ ದಾಖಲಾಯಿತು.

ಕಳಿಸಿದ ಮೇಲೆ ಒಂದು ಗಂಟೆ ಕಳೆದರೂ ಒಬ್ಬರೂ ನಗಲಿಲ್ಲ. ಎಲ್ಲರೂ ಕೇಳಿದ್ದಾರೆ ಎಂದು ನೀಲಿ ಗುರುತು ಹೇಳುತ್ತಿತ್ತು. ಊಟದ ಹೊತ್ತಿಗೆ ಗುಂಪಿನ ಹಿರಿಯರೊಬ್ಬರು ಫೋನ್ ಮಾಡಿದರು. ಅವರು ಧಾರವಾಡದ ಕಡೆಯವರು, ಎದುರಿಗಿದ್ದವರನ್ನು ನೇರವಾಗಿ ಕೇಳುವ ಸ್ವಭಾವ.

‘ಏನ್ರೀ ಇದು? ನಿನ್ನಿ ಒದ್ದ ಹುಡುಗ ಯಾರಂತ ಗೊತ್ತಾಗಲಿಲ್ಲೇನು ನಿಮಗ? ಮೊದಲನೇವನ ಕಾಲಿಗೆ ಪೆಟ್ಟಾತು ಅಂತ ನಮ್ಮ ಹುಡುಗನ್ನ ಇಳಿಸಿದ್ರು. ತಂದಿ ತಾಯಿ ಅಲ್ಲೇ ಸ್ಟೇಡಿಯಂದಾಗ ಕೂತಿದ್ರು. ಮೊದಲು ಅದನ್ನ ತೆಗೀರಿ.’

ಕೂಡಲೇ ಅಳಿಸಿದೆ. ಹೆಂಡತಿ ಎದುರಿಗೇ ಇದ್ದಳು. ‘ನೀವು ನಿನ್ನೆ ಮ್ಯಾಚೇ ನೋಡಿಲ್ವಲ್ಲ! ತಲೆ ಎತ್ತಿದ್ದು ಯಾರಿಗೆ ಕಾಣಿಸ್ತು?’ ಎಂದು ಕೇಳಿದಳು. ಗುಂಪಿಗೆ ಒಂದು ಕ್ಷಮಾಪಣೆ ಬರೆದೆ. ಆ ಕ್ಷಮಾಪಣೆಯನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ‘ಹೆಲ್ಮೆಟ್ಟಿನೊಳಗೆ ಮುಖ ಸರಿಯಾಗಿ ಕಾಣಲಿಲ್ಲ, ನಮ್ಮ ಹುಡುಗ ಅಂತ ತಿಳಿಯಲಿಲ್ಲ, ದಯವಿಟ್ಟು ಕ್ಷಮಿಸಿ’ ಎಂದು ಬರೆದಿದ್ದೆ. ತಪ್ಪೊಪ್ಪಿಕೊಳ್ಳುವಾಗಲೂ ಮೇಷ್ಟ್ರ ಪಟ್ಟ ಉಳಿಸಿಕೊಂಡೆ.

ಸೋಮವಾರ ಮಂಗಳವಾರ ಸ್ನೇಹಿತರು ಆಫೀಸಿಗೆ ಬರಲಿಲ್ಲ. ಬುಧವಾರ ಶಟಲ್ಲಿನಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

‘ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ’ ಎಂದು ಅವರೇ ಶುರು ಮಾಡಿದರು. ‘ನೀವು ಸರಿಯಾಗೇ ನೋಡಿದೀರಿ. ನಾನೇ ಕೂಗಿದ್ದು. ಕಂಬದ ಹಿಂದೆ ಮೂರನೇ ಸಾಲಲ್ಲಿ ನಮ್ಮ ಸೀಟು. ಎರಡು ವರ್ಷ ಆದ್ಮೇಲೆ ಇಳಿದ್ನಲ್ಲಾ, ತಡ್ಕೊಳಕ್ಕಾಗ್ಲಿಲ್ಲ. ಮನೇಲಿ ಕರೆಯೋ ಹೆಸರು ಹಿಡಿದು ಜೋರಾಗಿ ಕೂಗ್‌ಬಿಟ್ಟೆ. ಒದ್ದಿದ್ದೂ ಅದೇ ಹೊತ್ತಿಗೆ. ಕೇಳ್ಸಿರಲ್ಲ ಬಿಡಿ ಅಂತ ನನ್ನ ಹೆಂಡ್ತಿ ಸಮಾಧಾನ ಮಾಡ್ತಿದ್ಲು. ನಾನೂ ಹಾಗೇ ಅಂದ್ಕೊಂಡಿದ್ದೆ. ವಾಪಸ್ ಬರೋವಾಗ ಏರ್‌ಪೋರ್ಟಲ್ಲಿ ನಿಮ್ಮ ಮೆಸೇಜು ಕೇಳಿದೆ. ಅವನು ತಲೆ ಎತ್ತಿದ್ದು ನನ್ನಿಂದ್ಲೇ ಅಂತ ಆಗ ಗೊತ್ತಾಯ್ತು.’

ಮೌಂಟನ್ ವ್ಯೂನಿಂದ ಮೆನ್ಲೋ ಪಾರ್ಕಿಗೆ ಫ್ರೀವೇ ಮೇಲೆ ಅರ್ಧ ಗಂಟೆಯ ದಾರಿ. ಅಷ್ಟು ಹೊತ್ತೂ ನಾನು ಬಾಯಿ ಬಿಡಬಹುದಿತ್ತು. ನಾನು ನೋಡಲೇ ಇಲ್ಲ ಕಣ್ರೀ, ಬಾಯಿಗೆ ಬಂದದ್ದು ಹೇಳಿದೆ ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ‘ಅಯ್ಯೋ, ಹಾಗೆಲ್ಲ ಅಂದ್ಕೋಬೇಡಿ’ ಎಂದು ಮಾತ್ರ ಎರಡು ಮೂರು ಸಲ ಹೇಳಿದೆ. ಬಸ್ಸು ನಿಂತಾಗ ಅವರಿಗಿಂತ ಮೊದಲು ಇಳಿದು, ಮೀಟಿಂಗು ಇದೆ ಎಂದು ಸುಳ್ಳು ಹೇಳಿ ಬೇರೆ ಬಾಗಿಲಿನಿಂದ ಒಳಗೆ ಹೋದೆ.

ಗುರುವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಹುಡುಗನೇ. ಚಿಕ್ಕಂದಿನಲ್ಲಿ ರಾಜ್ಯೋತ್ಸವದ ನಾಟಕದಲ್ಲಿ ಮರದ ಪಾತ್ರ ಮಾಡಿ ಒಂದೂ ಮಾತಾಡದೆ ನಿಂತಿದ್ದವನು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷು. ನಾನು ಅಳಿಸುವ ಮುಂಚೆಯೇ ಅಪ್ಪ ನನ್ನ ಧ್ವನಿಯನ್ನು ಅವನಿಗೆ ಕಳಿಸಿ, ತನ್ನನ್ನು ಕ್ಷಮಿಸು ಎಂದು ಕೆಳಗೆ ಬರೆದಿದ್ದರಂತೆ.

‘ಅಂಕಲ್, ನಾನು ನಿಜವಾಗಿಯೂ ತಲೆ ಎತ್ತಿದೆನಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದ. ಸಿಟ್ಟಿನಿಂದ ಕೇಳಲಿಲ್ಲ. ಸಂದೇಹ ಬಂದಾಗ ತಿಳಿದವರನ್ನು ಕೇಳುವ ಹಾಗೆ ಕೇಳಿದ. ‘ನನಗೆ ನೆನಪಿಲ್ಲ. ಅಪ್ಪನ ಕೂಗು ನನಗೆ ಕೇಳಿಸಲೇ ಇಲ್ಲ. ವಿಡಿಯೋ ಹಿಂದಿನಿಂದ ತೆಗೆದದ್ದು, ಅದರಲ್ಲಿ ಗೊತ್ತಾಗುವುದಿಲ್ಲ. ನೀವು ಯಾವ ಕ್ಯಾಮೆರಾದಲ್ಲಿ ನೋಡಿದಿರಿ?’

ಆಗ ಹೇಳಿದೆ. ಗೃಹಪ್ರವೇಶ, ಪಾರ್ಕಿಂಗ್ ಲಾಟು, ಸ್ಕೋರಿನ ಪಟ್ಟಿ, ಎಲ್ಲವನ್ನೂ ಹೇಳಿದೆ. ನನ್ನ ಮಗಳ ವಯಸ್ಸಿನವನ ಮುಂದೆ ಮಾತು ತೊದಲುತ್ತಿತ್ತು. ಅವನು ಪೂರ್ತಿ ಕೇಳಿಸಿಕೊಂಡ.

‘ಓಕೆ’ ಎಂದ ಕೊನೆಗೆ. ‘ಅಪ್ಪ ಇನ್ನು ನನ್ನ ಮ್ಯಾಚಿಗೆ ಬರುವುದಿಲ್ಲ ಅಂತಿದಾರೆ. ಟಿವಿಯಲ್ಲೂ ನೋಡಲ್ಲವಂತೆ. ಈ ಶನಿವಾರವೂ ನಾನೇ ಒದೆಯಬೇಕು. ಅಂಕಲ್, ಅಪ್ಪನಿಗೆ ಹೇಳಿ.’ ಆ ಕೊನೆಯ ಎರಡು ಪದಗಳನ್ನು ಮಾತ್ರ ಕನ್ನಡದಲ್ಲಿ ಹೇಳಿದ, ತಡವರಿಸಿಕೊಂಡು.

ಶನಿವಾರ ಬೆಳಿಗ್ಗೆ ಎಂಟಕ್ಕೆಲ್ಲ ಮಾರ್ಗನ್ ಹಿಲ್‌ನ ಅವರ ಮನೆ ಬಾಗಿಲಲ್ಲಿ ನಿಂತೆ. ಸ್ನೇಹಿತರು ಹಿತ್ತಲಿನಲ್ಲಿ ನಿಂಬೆ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರ ಹೆಂಡತಿ ಕಾಫಿ ತಂದುಕೊಟ್ಟು ಒಳಗೆ ಹೋದರು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

‘ನಾನು ಆ ಮ್ಯಾಚು ನೋಡ್ಲಿಲ್ಲ ಕಣ್ರೀ’ ಎಂದೆ. ‘ಒಂದು ನಿಮಿಷಾನೂ ನೋಡ್ಲಿಲ್ಲ. ನಿಮ್ಮ ಮಗ ತಲೆ ಎತ್ತಿದ ಅಂದದ್ದು ಶುದ್ಧ ಸುಳ್ಳು. ಜನ ನಗ್ಲಿ ಅಂತ ಕಟ್ಟಿ ಹೇಳ್ದೆ. ನೀವು ಕೂಗಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.’

ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ನನ್ನ ಎದುರಿಗೆ ಕೂತರು. ನನ್ನನ್ನೇ ನೋಡಿದರು. ಆಮೇಲೆ ಅವರ ಮುಖದಲ್ಲಿ ನಗು ಬಂತು.

‘ಅವನು ಫೋನ್ ಮಾಡಿದ್ನಾ ನಿಮಗೆ?’

‘ಮಾಡಿದ್ದ. ಆದರೆ ನಾನು ಹೇಳ್ತಿರೋದು...’

‘ಗೊತ್ತಾಯ್ತು ಬಿಡಿ. ಅಪ್ಪಂಗೆ ಹೀಗೆ ಹೇಳಿ ಅಂತ ಅವನೇ ಕೇಳ್ಕೊಂಡಿರ್ತಾನೆ.’

ನಾನು ಜೇಬಿನಿಂದ ಫೋನ್ ತೆಗೆದು ಗೃಹಪ್ರವೇಶದ ಫೋಟೋ ತೋರಿಸಿದೆ. ಹೋಮಕುಂಡದ ಪಕ್ಕದಲ್ಲಿ ಶಲ್ಯ ಹೊದ್ದು ಕೂತ ನಾನು, ಫೋಟೋದ ಮೇಲೆ ಅದನ್ನು ತೆಗೆದ ಹೊತ್ತು. ಆಟ ನಡೆಯುತ್ತಿದ್ದದ್ದು ಅದೇ ಹೊತ್ತಿಗೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ ಫೋನನ್ನು ವಾಪಸ್ ಕೊಟ್ಟರು.

‘ಫೋನಲ್ಲೇ ನೋಡಿರ್ತೀರಿ. ಮದುವೆ ಮನೇಲೂ ನೀವು ಸ್ಕೋರು ನೋಡ್ದೆ ಇರೋರಲ್ಲ. ಗ್ಯಾಲರಿಯಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ ಅಂದ್ರಿ. ನಾನು ಹೆಸರು ಹಿಡಿದೇ ಕರೆದಿದ್ದು. ನೋಡ್ದೇ ಇರೋರು ಅದನ್ನ ಹೇಗೆ ಹೇಳ್ತಾರೆ?’

ದೇವರಾಣೆ ಮಾಡಿದೆ. ನನ್ನ ಹೆಂಡತಿಗೆ ಫೋನ್ ಮಾಡಿ ಕೇಳಿ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

‘ನನ್ನ ಸಮಾಧಾನಕ್ಕೋಸ್ಕರ ನಿಮ್ಮನ್ನ ನೀವೇ ಸುಳ್ಳುಗಾರ ಮಾಡ್ಕೊತಾ ಇದೀರಲ್ಲ ಮೇಷ್ಟ್ರೇ. ಯಾರು ಮಾಡ್ತಾರೆ ಹೀಗೆ? ದೊಡ್ಡ ಮನಸ್ಸು ನಿಮ್ಮದು.’

ಬದುಕಿನಲ್ಲಿ ಬೇಕಾದಷ್ಟು ಸಲ ಬೈಸಿಕೊಂಡಿದ್ದೇನೆ. ಯಾವ ಬೈಗುಳವೂ ನನ್ನನ್ನು ಅಷ್ಟು ಕುಗ್ಗಿಸಿರಲಿಲ್ಲ. ಆ ಕೈಯನ್ನು ಕೊಡವಿಕೊಂಡು ಎದ್ದುಹೋಗಬೇಕು ಅನ್ನಿಸಿತು. ಎದ್ದುಹೋದರೆ ಅದನ್ನೂ ನನ್ನ ಸಂಕೋಚ ಎಂದೇ ತಿಳಿಯುತ್ತಿದ್ದರು.

ಒಳಗೆ ಟಿವಿಯ ಸದ್ದು ಶುರುವಾಯಿತು. ‘ಬನ್ರೀ, ಶುರು ಆಗತ್ತೆ’ ಎಂದು ಅವರ ಹೆಂಡತಿ ಕರೆದರು. ಸ್ನೇಹಿತರು ಕದಲಲಿಲ್ಲ. ನೀರಿನ ಪೈಪನ್ನು ಮತ್ತೆ ಕೈಗೆತ್ತಿಕೊಂಡರು.

‘ನನಗೆ ನೋಡಕ್ಕಾಗಲ್ಲ. ನೀವು ಹೋಗಿ ಕೂತ್ಕೊಳ್ಳಿ ಮೇಷ್ಟ್ರೇ. ಅವನು ಒದೆಯೋವಾಗ ಸರಿಯಾಗಿ ನೋಡಿ, ಬಂದು ನನಗೆ ಹೇಳಿ. ಬೇರೆ ಯಾರು ಹೇಳಿದ್ರೂ ನಾನು ನಂಬಲ್ಲ.’

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.