ಮಸ್ಕತ್ತಿನಲ್ಲಿ ದೊರೆತ ಮಕ್ತಲದ ಅಕ್ಕ

ಅಕ್ಕನವರ ಬಲಭುಜವು ಎಡಭುಜಕ್ಕಿಂತ ತಗ್ಗಾಗಿತ್ತು. ವರ್ಷಾನುಗಟ್ಟಲೆ ಕ್ಯಾಮೆರಾ ಚೀಲ ಹೊತ್ತಿದ್ದರಿಂದ, ಚೀಲವಿಲ್ಲದಾಗಲೂ ಅವರು ಆ ಕಡೆಗೇ ವಾಲಿ ನಡೆಯುತ್ತಿದ್ದರು.

ಸದರಿ ಅಕ್ಕನವರು ತೆಲಂಗಾಣದ ಗಡಿಯ ಮಕ್ತಲದವರು. ನನಗೆ ರಕ್ತಸಂಬಂಧಿಗಳಲ್ಲವೆಂದು ಮೊದಲೇ ತಿಳಿಯಪಡಿಸುತ್ತೇನೆ. ಮಸ್ಕತ್ತಿನಲ್ಲಿ ಹೆಂಗಸರ ಮದುವೆ ಕೂಟಗಳಿಗೆ ಗಂಡಸರ ಪ್ರವೇಶವಿಲ್ಲವಾದ ಕಾರಣ, ಅಲ್ಲಿ ಫೋಟೋ ತೆಗೆಯುವವರೂ ಹೆಂಗಸರೇ. ಅಂಥದೊಂದು ಸ್ಟುಡಿಯೋದಲ್ಲಿ ಅವರು ಫೋಟೋಗ್ರಾಫರ್. ಮಕ್ತಲಕ್ಕೆ ಹತ್ತಿರದ ನಾರಾಯಣಪೇಟೆಯ ನೇಕಾರರ ಮನೆಯಿಂದ ಹೋದ ನಾನು ದೀಪ ಹಿಡಿಯುವ ಸಹಾಯಕಿ. ಅದಕ್ಕೂ ಮುನ್ನ ಕ್ಯಾಮೆರಾ ಮುಟ್ಟಿದವಳಲ್ಲ. ಅರಬ್ಬಿಯಲ್ಲಿ 'ಬನ್ನಿ', 'ಕೂತುಕೊಳ್ಳಿ' ಎಂಬುದಷ್ಟೇ ಬರುತ್ತಿತ್ತು. ಮೂರು ತಿಂಗಳಲ್ಲಿ ಕೆಲಸ ಕಾಯಂ ಆಗದಿದ್ದಲ್ಲಿ ಮರಳಿ ಬಂದು ಗದ್ವಾಲದ ವರನನ್ನು ಒಪ್ಪತಕ್ಕದ್ದು ಎಂಬುದು ಅಪ್ಪನ ಷರತ್ತಾಗಿತ್ತು.

ಅಷ್ಟೊಂದು ಜನರ ನಡುವೆ ನಿಂತು, ಯಾರೊಂದಿಗೂ ಮಾತಾಡದೆ ಕೋಣೆಗೆ ಮರಳುತ್ತಿದ್ದೆ. ಕನ್ನಡ ಕಿವಿಗೆ ಬೀಳುತ್ತಿದ್ದುದು ಅಕ್ಕನವರ ಕಾರಿನಲ್ಲಿ ಮಾತ್ರ. ಹತ್ತಿದ ಕೂಡಲೇ "ಉಂಡಿಯೇನವ್ವ?" ಎನ್ನುವರು. ಇಲ್ಲವೆಂದರೆ, "ಭಾಷಾ ಬರಂಗಿಲ್ಲಂತ ಉಪಾಸ ಇರ್ತಾರೇನ? ಕೈ ಮಾಡಿ ಕೇಳು!" ಎಂದು ಗದರುವರು.

ನಮ್ಮ ಕಡೆ ಮೂಲೆಯಲ್ಲಿ ಕುಳಿತ ಮುದುಕಿಯನ್ನು ಎಬ್ಬಿಸಿ ಮದುಮಗಳ ಪಕ್ಕ ನಿಲ್ಲಿಸದೆ ಫೋಟೋ ಪೂರ್ತಿಯಾಗದು. ಕರೆಯದಿದ್ದರೆ ಆಕೆ ಊಟ ಬಿಟ್ಟು ಹೋದಾಳು. ಅದೇ ರೂಢಿಯಂತೆ, ಒಂದು ಮದುವೆಯಲ್ಲಿ ಒಬ್ಬಂಟಿಯಾಗಿ ಕುಳಿತಿದ್ದ ವೃದ್ಧೆಯನ್ನು ನಾನು 'ಬನ್ನಿ, ಬನ್ನಿ' ಎಂದು ಕೈಹಿಡಿದು ವೇದಿಕೆಗೆ ಕರೆತಂದೆ. ಅಕ್ಕನವರ ಕಣ್ಣು ಕ್ಯಾಮೆರಾದಲ್ಲಿತ್ತು; ಫ್ಲ್ಯಾಶ್ ಮಿಂಚಿತು. ವೃದ್ಧೆ ಮುಖ ಮುಚ್ಚಿಕೊಂಡು ಚೀರಿದರು. ಒಪ್ಪಿಗೆಯಿಲ್ಲದೆ ಅಲ್ಲಿ ಯಾವ ಹೆಂಗಸಿನ ಚಿತ್ರವನ್ನೂ ತೆಗೆಯಕೂಡದೆಂಬುದು ನನಗೆ ತಿಳಿದದ್ದು ಆಮೇಲೆ.

ಸ್ಟುಡಿಯೋ ಮಾಲಕಿ ಧಾವಿಸಿ ಬಂದು ನನ್ನತ್ತ ಬೆರಳು ಮಾಡಿದರು. ಅಕ್ಕನವರು ವೃದ್ಧೆಯ ಕಾಲಬಳಿ ಕುಳಿತು, ಅವರ ಕಣ್ಣೆದುರೇ ಚಿತ್ರ ಅಳಿಸಿದರು. ಬಳಿಕ ಎದ್ದು, ತಮ್ಮ ಎದೆ ಮುಟ್ಟಿಕೊಂಡು ಮಾಲಕಿಗೆ ಅರಬ್ಬಿಯಲ್ಲಿ ಏನೋ ಹೇಳಿದರು.

"ಏನಂದ್ರಿ ಅಕ್ಕಾ?" ಎಂದು ಕಾರಿನಲ್ಲಿ ಕೇಳಿದೆ.

"ಕರಕೊಂಡು ಬಾ ಅಂತ ನಾನೇ ಹೇಳಿದ್ದೆ ಅಂದೆ."

"ನೀವು ಹೇಳಿದ್ದಿಲ್ಲಲ್ರೀ!"

"ಅರಬ್ಬಿಯಾಗ ಹೇಳಿದ ಸುಳ್ಳು ಮಕ್ತಲ್ ತನಕ ಬರಂಗಿಲ್ಲ, ಸುಮ್ನಿರು. ಗದ್ವಾಲಕ್ಕ ಹೋಗಾಕ ನಿನಗ ಅಷ್ಟು ಅವಸರ ಐತೇನು?"

ನನ್ನ ಕೆಲಸ ಕಾಯಂ ಆಯಿತು. ಅಕ್ಕನವರನ್ನು ಮದುವೆಗಳಿಂದ ತೆಗೆದು, ನೆಲಮಾಳಿಗೆಯಲ್ಲಿ ಅತ್ತರಿನ ಸೀಸೆಗಳ ಚಿತ್ರ ತೆಗೆಯಲು ನಿಯೋಜಿಸಲಾಯಿತು. ನೋಡಲು ಹೋದಾಗ, ಒಂದು ಸೀಸೆ ಒರೆಸುತ್ತ, "ಇವು ಛಲೋ ಅದಾವ ನೋಡು. ಮಾರಿ ಮುಚ್ಕೊಳ್ಳಂಗಿಲ್ಲ, ಚೀರಂಗಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ನಾನು ಫಿಲಿಪೀನ್ಸಿನ ಫೋಟೋಗ್ರಾಫರೊಬ್ಬರ ಜೊತೆ ಕೆಲಸ ಮಾಡುತ್ತಿದ್ದೇನೆ; ನಮ್ಮ ವ್ಯವಹಾರವೆಲ್ಲ ಕೈಸನ್ನೆಯಲ್ಲಿ.

ಕೆಲಕಾಲದ ಮೇಲೆ ಅಕ್ಕನವರು ಕಾಯಿಲೆ ಬಿದ್ದು ಊರಿಗೆ ಮರಳಿದರು. ಅವರು ತೀರಿಕೊಂಡರೆಂದು ಹೋದ ಚಳಿಗಾಲ ಅವರ ತಮ್ಮ ಫೋನ್ ಮಾಡಿದಾಗ ನಾನು ಮದುವೆಯೊಂದರಲ್ಲಿ ದೀಪ ನಿಲ್ಲಿಸುತ್ತಿದ್ದೆ. ಏನಾಯಿತೆಂದು ಹೊಸ ಮೇಲ್ವಿಚಾರಕಿ ಕೇಳಿದರು. ಅಕ್ಕನವರು ನನಗೆ ಏನಾಗಿದ್ದರೆಂದು ವಿವರಿಸುವಷ್ಟು ಅರಬ್ಬಿ ನನ್ನಲ್ಲಿ ಇಂದಿಗೂ ಇಲ್ಲ. 'ನನ್ನ ಅಕ್ಕ ಸತ್ತಳು' ಎನ್ನಲು ಬರುತ್ತಿತ್ತು. ಅಷ್ಟನ್ನೇ ಹೇಳಿದೆ.

ಒಡಹುಟ್ಟಿದವರ ಮರಣಕ್ಕೆ ಸಲ್ಲುವ ರಜೆ ಮಂಜೂರಾಯಿತು. ಅದನ್ನು ನಾನು ಹಕ್ಕಿನಿಂದಲೇ ಪಡೆದುಕೊಂಡೆನು.