ಮಂಗಳವಾರದ ಲಸಾನ್ಯ

ಡೋರಿಯನ್ ಹ್ಯಾಸ್ಕೆಟ್ ಓಹಾಯೋದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಎರಡನೇ ವರ್ಷದ ವಿದ್ಯಾರ್ಥಿ. ವಯಸ್ಸು ಮೂವತ್ತೊಂದು. ಹೆಂಡತಿ ಟೆಸ್, ಮೂವರು ಮಕ್ಕಳು. ಟೆಸ್ ದುಡಿಯಲು ಹೋದರೆ ಸಿಗುವ ಸಂಬಳಕ್ಕಿಂತ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವುದೇ ಹೆಚ್ಚು. ಹಾಗಾಗಿ ಐದೂ ಹೊಟ್ಟೆ ತುಂಬಬೇಕಾದದ್ದು ಅವನ ಓದಿನ ಸಾಲದಿಂದ. ಅದು ಕೈಗೆ ಬರುವುದು ಆಗಸ್ಟಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ಸಾಲದ ಫಾರಂ ಮಾತ್ರ ಅವನು ಒಂಟಿ ಮನುಷ್ಯ ಎಂದೇ ನಂಬಿ, ಒಬ್ಬನ ಖರ್ಚಿಗಾಗುವಷ್ಟೇ ಕೊಡುತ್ತದೆ. ನವೆಂಬರ್ ಮುಗಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಬೀನ್ಸ್ ಡಬ್ಬಗಳದ್ದೇ ದರ್ಬಾರು.

ಕಾಲೇಜಿನಲ್ಲಿ ಒಂದು ರೂಢಿಯಿದೆ. ಪ್ರತಿ ವಿಭಾಗಕ್ಕೂ ವಿದ್ಯಾರ್ಥಿಗಳ ಸಂಘವಿದ್ದು, ಮಧ್ಯಾಹ್ನದ ಉಪನ್ಯಾಸಕ್ಕೆ ಬಂದವರಿಗೆ ಊಟ ಪುಕ್ಕಟೆ. ಉಳಿದದ್ದು ಒಯ್ದವರಿಗೆ. ಡೋರಿಯನ್ ಒಂಬತ್ತು ಸಂಘಗಳ ಸದಸ್ಯ. ಅವನ ಚೀಲದಲ್ಲಿ ಸ್ಟೆತಸ್ಕೋಪಿನ ಜೊತೆ ಮೂರು ಖಾಲಿ ಡಬ್ಬಿ ಸದಾ ಇರುತ್ತವೆ. ಮಕ್ಕಳಿಗೆ ಮೂಳೆ ವಿಭಾಗ ಎಂದರೆ ಪಿಜ್ಜಾ, ಮಿದುಳು ಎಂದರೆ ನೂಡಲ್ಸ್.

ಎಲ್ಲಕ್ಕಿಂತ ಫಲವತ್ತಾದದ್ದು ಮಂಗಳವಾರದ ವೃದ್ಧರ ಚಿಕಿತ್ಸಾ ಸಂಘ. ಅದನ್ನು ನಡೆಸುವ ಡಾಕ್ಟರ್ ಇಮೊಜೆನ್ ಸ್ಟ್ರಾಕಾ ಮೂವತ್ತು ಜನರಿಗಾಗುವಷ್ಟು ಲಸಾನ್ಯ ತರಿಸುತ್ತಾರೆ. ಬರುವವರು ನಾಲ್ವರು. ಚೀಸ್ ಸುರಿಯುವ ಆ ಪದರಗಳೇ ಹ್ಯಾಸ್ಕೆಟ್ ಮನೆಗೆ ಗುರುವಾರದವರೆಗೆ ರಾತ್ರಿಯೂಟ. ಆರು ವರ್ಷದ ಮಗಳು ಒಫೀಲಿಯಾಳ ಪ್ರಕಾರ ಅದನ್ನು ಊರಿನ ಅಜ್ಜಿಯರು ಸೇರಿ ಬೇಯಿಸಿ ಕಳಿಸುತ್ತಾರೆ.

ಡಿಸೆಂಬರಿನಲ್ಲಿ ಸ್ಟ್ರಾಕಾ ಸುದ್ದಿ ಹೇಳಿದರು. ಕಾಲೇಜು ವರ್ಷಕ್ಕೊಮ್ಮೆ ತಲೆ ಎಣಿಸುತ್ತದೆ. ಮುಂದಿನ ಮಂಗಳವಾರ ಹದಿನೈದು ಜನ ಇಲ್ಲದಿದ್ದರೆ ಸಂಘ ಬಂದ್.

"ನೀನೊಬ್ಬನೇ ಒಂದು ವಾರಾನೂ ತಪ್ಪಿಸಿಲ್ಲ ಕಣಪ್ಪ. ವಯಸ್ಸಾದವರ ಮೇಲೆ ಎಷ್ಟು ಪ್ರೀತಿ ನಿನಗೆ! ಇವತ್ತಿಂದ ನೀನೇ ಅಧ್ಯಕ್ಷ."

ಡೋರಿಯನ್ ಬಾಯಿ ತುಂಬಾ ಲಸಾನ್ಯ ಇತ್ತು. ಮೌನವನ್ನು ಅವರು ಒಪ್ಪಿಗೆ ಎಂದುಕೊಂಡರು.

ಮನೆಯಲ್ಲಿ ಟೆಸ್ ಕ್ಯಾಲೆಂಡರ್ ನೋಡಿದಳು. ಜನವರಿಯ ಸಾಲದ ಹಣ ಬರಲು ಇನ್ನೂ ಐದು ವಾರ.

"ಜನ ಸೇರಿಸು ಮಾರಾಯ. ಕೈಕಾಲಾದ್ರೂ ಹಿಡಿ."

"ಏನಂತ ಕರೀಲಿ? ಮುದುಕರು ಜಾರಿ ಬೀಳೋದು ಯಾಕೆ ಅನ್ನೋದು ಉಪನ್ಯಾಸ."

"ಊಟ ಇದೆ ಅನ್ನು. ನೀನೇನು ಮುದುಕರನ್ನ ನೋಡೋಕೆ ಹೋಗಿದ್ದಾ?"

ಡೋರಿಯನ್ ಪೋಸ್ಟರ್ ಬರೆದು ಅಂಟಿಸಿದ. ಲಸಾನ್ಯ ಎಂಬುದು ಅಂಗೈಯಗಲದ ಅಕ್ಷರದಲ್ಲಿತ್ತು, ಮುದುಕರು ಅಡಿಯಲ್ಲೆಲ್ಲೋ ಇದ್ದರು. ಮಂಗಳವಾರ ಬಂದವರು ನಲವತ್ತೊಂದು ಜನ. ಎಣಿಸಲು ಬಂದ ಕಾಲೇಜಿನ ಅಧಿಕಾರಿಯೂ ಒಂದು ತಟ್ಟೆ ಹಿಡಿದು ನಿಂತರು. ಅಧ್ಯಕ್ಷರು ಸ್ವಾಗತ ಭಾಷಣ ಮುಗಿಸುವಷ್ಟರಲ್ಲಿ ಲಸಾನ್ಯದ ಟ್ರೇಯ ಮೂಲೆಯಲ್ಲಿ ಸೀದ ಚೀಸ್ ಮಾತ್ರ ಉಳಿದಿತ್ತು.

"ಸಂಘ ಉಳೀತಾ?" ಟೆಸ್ ಬಾಗಿಲಲ್ಲೇ ಕೇಳಿದಳು.

"ಉಳೀತು."

ಅವಳು ಚೀಲ ಎತ್ತಿ ನೋಡಿದಳು. "ಮತ್ತೆ ಡಬ್ಬಿ ಯಾಕೆ ಇಷ್ಟು ಹಗುರ?"

"ನಲವತ್ತೊಂದು ಜನ ಬಂದ್ರು ಟೆಸ್."

"ಹದಿನೈದು ಸಾಕಿತ್ತಲ್ಲೋ, ಅಧ್ಯಕ್ಷ!"

"ಅಪ್ಪ, ಅಜ್ಜಿಯರಿಗೆ ನಮ್ಮ ಮೇಲೆ ಕೋಪ ಬಂತಾ?" ಒಫೀಲಿಯಾ ಕೇಳಿದಳು.

ಮೂರು ರಾತ್ರಿ ಬೀನ್ಸ್ ಆಯಿತು.

ಮರುವಾರದ ಪೋಸ್ಟರಿನಲ್ಲಿ ಊಟದ ಸುದ್ದಿಯೇ ಇರಲಿಲ್ಲ. ಅಂಗೈಯಗಲದ ಅಕ್ಷರದಲ್ಲಿ ಉಪನ್ಯಾಸದ ವಿಷಯ ಮಾತ್ರ ಇತ್ತು: ಇಳಿವಯಸ್ಸಿನ ಮಲಬದ್ಧತೆ. ಅಧ್ಯಕ್ಷರೂ ಸೇರಿ ಮೂವರು ಬಂದರು.

ಅಜ್ಜಿಯರ ಕೋಪ ಇಳಿದಿದೆ ಎಂದು ಆ ಸಂಜೆ ಒಫೀಲಿಯಾ ಅಮ್ಮನಿಗೆ ತಿಳಿಸಿದಳು, ಎರಡನೇ ಸಲ ಬಡಿಸಿಕೊಳ್ಳುತ್ತ.